ಸಾಧ್ವಿಯ ಹೆಸರು, ಸಂತೆಯ ಸರಕು

ಇಂಗ್ಲಿಷಿನಲ್ಲಿ 'ಟಾಡ್ರಿ' ಎಂಬ ಗುಣವಾಚಕವೊಂದುಂಟು. ಕಣ್ಣು ಕೋರೈಸುವಂತೆ ಹೊಳೆಯುತ್ತಿದ್ದರೂ ಬೆಲೆಯಲ್ಲಿಯೂ ಅಭಿರುಚಿಯಲ್ಲಿಯೂ ಹೀನವಾದ ಉಡುಗೆ ತೊಡುಗೆಗಳಿಗೆ ಸಲ್ಲುವ ಮಾತದು. ನಮ್ಮ ಬೇಗಡೆಯ ಥಳುಕನ್ನು ನೆನೆದರೆ ಅದರ ಅರ್ಥ ಮುಕ್ಕಾಲುಪಾಲು ತಿಳಿದಂತೆಯೇ, ಉಳಿದ ಕಾಲುಪಾಲು ತಿರಸ್ಕಾರ. ಇಂತಹ ಪದವು ರಾಜಪುತ್ರಿಯೂ ತಪಸ್ವಿನಿಯೂ ಆಗಿದ್ದ ಸಾಧ್ವಿಯೊಬ್ಬಳ ನಾಮಧೇಯದಿಂದ ಹುಟ್ಟಿತು.

ಪೂರ್ವ ಆಂಗ್ಲಿಯದ ಅರಸನಾದ ಅನ್ನನ ಮಗಳು ಎಥೆಲ್‌ಡ್ರೆಡಾ, ನಾರ್ಥಂಬ್ರಿಯದ ರಾಣಿಯ ಪದವಿಯನ್ನು ತೊರೆದು ಬಂದು, ಜೌಗುನೆಲದ ನಡುವಣ ಈಲಿ ಎಂಬಲ್ಲಿ—ಹಾವುಮೀನುಗಳ ಸಮೃದ್ಧಿಯಿಂದ ಆ ಊರಿಗೆ ಆ ಹೆಸರೆಂದು ಚರಿತ್ರಕಾರ ಬೀಡನು ಬರೆದಿದ್ದಾನೆ—673ರಲ್ಲಿ ಮಠವನ್ನು ಸ್ಥಾಪಿಸಿ, 679ರಲ್ಲಿ ಕತ್ತಿನ ಗಡ್ಡೆಯ ವ್ಯಾಧಿಯಿಂದ ಕಾಲವಾದಳು. ಯೌವನದಲ್ಲಿ ಧರಿಸಿದ್ದ ಕಂಠಾಭರಣಗಳ ವ್ಯರ್ಥಭಾರಕ್ಕೆ ಇದು ಪ್ರಾಯಶ್ಚಿತ್ತವೆಂದು ಬಗೆದು, ಆ ವೇದನೆಯನ್ನು ಆಕೆ ಸಂತೋಷದಿಂದಲೇ ಸಹಿಸಿದಳೆಂಬುದೂ ಬೀಡನ ಮಾತೇ.

ಜನರ ನಾಲಗೆಯಲ್ಲಿ ಎಥೆಲ್‌ಡ್ರೆಡಾ 'ಆಡ್ರಿ'ಯಾದಳು. ಆಕೆಯ ದೇಹವನ್ನು ಗೋರಿಯಿಂದೆತ್ತಿ ಚರ್ಚಿನೊಳಗೆ ಇರಿಸಿದುದರ ಸ್ಮರಣೆಗೆ ಅಕ್ಟೋಬರ್ 17ರ ಸುಮಾರಿಗೆ ಈಲಿಯಲ್ಲಿ ಕೂಡುತ್ತಿದ್ದ ಜಾತ್ರೆಯಲ್ಲಿ, ಹೆಂಗಸರು ಕೊರಳಿಗೆ ಕಟ್ಟಿಕೊಳ್ಳುವ ರೇಷ್ಮೆಯ ಪಟ್ಟಿಗಳು 'ಸೇಂಟ್ ಆಡ್ರಿ ಲೇಸ್' ಎನಿಸಿಕೊಂಡು ಮಾರಾಟವಾಗುತ್ತಿದ್ದುವು. ಕೊರಳ ಒಡವೆಗಾಗಿ ಪಶ್ಚಾತ್ತಾಪಪಟ್ಟವಳ ಹೆಸರಿನಲ್ಲಿಯೇ ಕೊರಳ ಅಲಂಕಾರವನ್ನು ಮಾರುವುದರಲ್ಲಿ ಜಾತ್ರೆಯ ವ್ಯಾಪಾರಿಗೆ ಅಸಂಗತವೇನೂ ತೋರಿರಲಿಕ್ಕಿಲ್ಲ. ಬೇಗಬೇಗ ಉಚ್ಚರಿಸುವಾಗ ಸೇಂಟಿನ ಕಡೆಯ ಟಕಾರವು ಆಡ್ರಿಯ ತಲೆಗೆ ಅಂಟಿ 'ಟಾಡ್ರಿ ಲೇಸ್' ಆಯಿತು. ನಮ್ಮ ಆಗಮಸಂಧಿಯಲ್ಲಿ ಯಕಾರ ವಕಾರಗಳು ಹೊರಗಿನಿಂದ ಬಂದು ಸೇರಿದರೆ, ಅಲ್ಲಿ ಒಂದು ಪದವು ನೆರೆಯ ಪದದ ಅಕ್ಷರವನ್ನೇ ಕದ್ದಿತು.

ಆ ಪಟ್ಟಿ ಮೊದಲಿನಿಂದಲೂ ಕೀಳು ಸರಕಾಗಿತ್ತೆಂದು ಭಾವಿಸಲಾಗದು. ಷೇಕ್ಸ್‌ಪಿಯರನ 'ದಿ ವಿಂಟರ್ಸ್ ಟೇಲ್' ನಾಟಕದಲ್ಲಿ ಮಾಪ್ಸಾ ಎಂಬ ಹಳ್ಳಿಯ ಹುಡುಗಿ, ತನಗೆ ಕೊಡಿಸುವೆನೆಂದು ಮಾತುಕೊಟ್ಟವನಿಂದ ಟಾಡ್ರಿ ಲೇಸನ್ನೂ ಸುಗಂಧದ ಕೈಗವಸುಗಳನ್ನೂ ಕೇಳುತ್ತಾಳೆ. ನಗುವುದಾದರೆ ನೋಡುವವರು ನಗಬೇಕು, ಅವಳಿಗೆ ಅದು ನಿಜವಾದ ಆಸೆ. ಆದರೆ ಅಷ್ಟು ಹೊತ್ತಿಗೆ ಈಲಿಯಲ್ಲಿ ಸಾಧ್ವಿಯ ಸಮಾಧಿಮಂಟಪವೇ ಇರಲಿಲ್ಲ. ಮತಸುಧಾರಣೆಯ ಆವೇಶದಲ್ಲಿ 1541ರಲ್ಲಿಯೇ ಅದನ್ನು ಒಡೆದುಹಾಕಿದ್ದರು. ಮಹಿಮೆ ಅಳಿದು ಸರಕಿನ ಹೆಸರೊಂದೇ ಉಳಿದಾಗ, ನಿಂದೆಗೆ ಅದನ್ನು ಬಳಸಲು ಯಾರೂ ಅಂಜಬೇಕಾಗಿರಲಿಲ್ಲವೆಂದು ನನಗೆ ತೋರುತ್ತದೆ. 17ನೆಯ ಶತಮಾನದ ಉತ್ತರಾರ್ಧದ ವೇಳೆಗೆ ಲೇಸು ಕಳಚಿಬಿದ್ದು, 'ಟಾಡ್ರಿ' ಎಂಬುದೊಂದೇ ಅಗ್ಗದ ಆಡಂಬರಕ್ಕೆಲ್ಲ ವಿಶೇಷಣವಾಗಿ ನಿಂತಿತು. ಟಕಾರ ಅಂಟದೆ ಉಳಿದ ಆಡ್ರಿಯಾದರೋ ಯಾವ ಕಳಂಕವೂ ತಗಲದೆ, ಇಂಗ್ಲಿಷರ ಮನೆಗಳಲ್ಲಿ ಇಂದಿಗೂ ಹೆಣ್ಣುಮಕ್ಕಳಿಗಿಡುವ ಹೆಸರಾಗಿದೆ.