ಹಳೆಯ ಫೌಂಟನ್ ಪೆನ್ನುಗಳು: ಶಾಯಿ ತುಂಬುವ ಬಗೆಗಳು

ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಲೇಪಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತಗಳು ಶೃಂಗೇರಿ ಮಠದ ಸಂಗ್ರಹದಲ್ಲಿವೆ. ಅವಕ್ಕೆ ಶಾಯಿಯ ಹಂಗಿರಲಿಲ್ಲ. ಶಾಯಿಯನ್ನು ಒಡಲಲ್ಲೇ ಹೊತ್ತ ಫೌಂಟನ್ ಪೆನ್ ಬಂದಮೇಲೆ ಅದನ್ನು ತುಂಬಿಸುವ ಉಪಾಯಗಳೇ ಒಂದು ಶಾಸ್ತ್ರವಾಯಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂತಹ ಮಳೆಸೀಮೆಯಲ್ಲಿ ದಶಕಗಳ ಕಾಲ ಪೆಟ್ಟಿಗೆಯಲ್ಲಿದ್ದ ಪೆನ್ನು ಮತ್ತೆ ಬರೆಯುವುದೇ ಎಂಬುದು ಬಹುಮಟ್ಟಿಗೆ ಈ ಉಪಾಯವನ್ನೇ ಅವಲಂಬಿಸಿದೆ.

ಎಲ್ಲಕ್ಕಿಂತ ಹಳೆಯದೂ ಸರಳವೂ ಆದದ್ದು ಫಿಲ್ಲರ್‌ನಿಂದ ಹನಿಹನಿಯಾಗಿ ತುಂಬಿಸುವ ಪೆನ್ನು. ಕತ್ತಿನ ತಿರುಪು ಬಿಚ್ಚಿ ಕೊಳವೆಗೆ ಶಾಯಿ ಸುರಿದರೆ ಮುಗಿಯಿತು. ಕೆಡಲು ಒಳಗೆ ಯಂತ್ರವೇ ಇಲ್ಲ. 1935ರಲ್ಲಿ ಗಾಂಧೀಜಿಯವರ ಮೆಚ್ಚುಗೆಯ ಪತ್ರ ಪಡೆದ ರಾಜಮಂಡ್ರಿಯ ರತ್ನಂ ಪೆನ್ನುಗಳು ಈ ಜಾತಿಯವು. ದೋಷವೊಂದಿದೆ: ಶಾಯಿ ಕಡಿಮೆಯಾದಂತೆ ಒಳಗಿನ ಗಾಳಿ ಹೆಚ್ಚುತ್ತದೆ, ಅದು ಕೈಯ ಬಿಸಿಗೆ ಹಿಗ್ಗಿ ನಿಬ್ಬಿನಿಂದ ಶಾಯಿಯನ್ನು ಹೊರದೂಡುತ್ತದೆ. ಅಂಗಿಯ ಜೇಬಿನ ನೀಲಿ ಕಲೆಗೆ ಇದೂ ಒಂದು ಕಾರಣ. ಅರ್ಧ ಬರಿದಾಗುವ ಮೊದಲೇ ತುಂಬಿಸಿಕೊಳ್ಳುವುದು ಲೇಸು.

ಎರಡನೆಯದು ರಬ್ಬರ್ ಚೀಲದ ಪೆನ್ನು. ಚೀಲವನ್ನು ಅದುಮಿ ಬಿಟ್ಟರೆ ಅದು ಹಿಗ್ಗುವಾಗ ಶಾಯಿಯನ್ನು ಹೀರುತ್ತದೆ. ಅದುಮುವ ವಿಧಾನ ಮಾತ್ರ ಬೇರೆ ಬೇರೆ. ಕಾಂಕ್ಲಿನ್ ಪೆನ್ನಿಗೆ ಹೊರಚಾಚಿದ ಅರ್ಧಚಂದ್ರಾಕಾರದ ಲೋಹವಿತ್ತು. ಮೇಜಿನಿಂದ ಉರುಳಿ ಬೀಳುವುದಿಲ್ಲವೆಂದು ಮಾರ್ಕ್ ಟ್ವೇನ್ ಅದನ್ನು ಹೊಗಳಿದ್ದರು. ವಾಲ್ಟರ್ ಶೇಫರ್ 1908ರಲ್ಲಿ ಪೇಟೆಂಟ್ ಪಡೆದ ಲಿವರ್ ಪದ್ಧತಿ ಮುಂದೆ ಬಹುಜನಪ್ರಿಯವಾಯಿತು. ಮಲೆನಾಡಿನ ತೇವಕ್ಕೆ ಬೇಗ ಸೋಲುವುದೂ ಇದೇ. ಚೀಲ ಕಾಲಕ್ರಮದಲ್ಲಿ ಗಟ್ಟಿಯಾಗಿ ಒಡೆಯುತ್ತದೆ ಅಥವಾ ಅಂಟಂಟಾಗುತ್ತದೆ. ಅದನ್ನು ಅದುಮುವ ಉಕ್ಕಿನ ಪಟ್ಟಿ ತುಕ್ಕು ಹಿಡಿಯುತ್ತದೆ. ಅಜ್ಜನ ಪೆನ್ನು ಸಿಕ್ಕಿತೆಂಬ ಸಂಭ್ರಮದಲ್ಲಿ ಲಿವರ್ ಎಳೆದವರು ಅದನ್ನು ಮುರಿದುಕೊಳ್ಳುವ ಸಂಭವವೇ ಹೆಚ್ಚು. ಬಿಗಿಯಾಗಿದ್ದರೆ ಬಿಟ್ಟುಬಿಡಬೇಕು.

1929ರಲ್ಲಿ ಜರ್ಮನಿಯ ಪೆಲಿಕನ್ ಕಂಪನಿಯು ಪಿಸ್ಟನ್ ಪೆನ್ ತಂದಿತು. ಹಿಂಬದಿಯ ಗುಬುಟು ತಿರುಗಿಸಿದರೆ ಪಿಸ್ಟನ್ ಸರಿದು ಶಾಯಿ ಏರುತ್ತದೆ. ಆರಂಭದ ಮಾದರಿಗಳಲ್ಲಿ ಕಾರ್ಕಿನ ತಡೆ ಇತ್ತು. ಅದು ಒಣಗಿ ಕುಗ್ಗಿದರೆ ಸೋರಿಕೆ. 1933ರ ಪಾರ್ಕರ್ ವ್ಯಾಕ್ಯುಮ್ಯಾಟಿಕ್‌ನಲ್ಲಿ ರಬ್ಬರಿನ ತೆಳುಪರದೆಯೊಂದನ್ನು ಹಲವು ಬಾರಿ ಒತ್ತಿ ಶಾಯಿ ಎಳೆಯಬೇಕಿತ್ತು. ಆ ಪರದೆಗೂ ಆಯುಷ್ಯ ಸೀಮಿತ. 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51 ಮೊದಲು ಇದನ್ನೇ ಬಳಸಿ, 1948ರಿಂದ ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಬದಲಾಯಿತು. ಅಂದಿನ ಆ ಚೀಲಗಳಲ್ಲಿ ಅನೇಕವು ಇಂದಿಗೂ ಶಾಯಿ ಹೀರುತ್ತವೆ.

ರಬ್ಬರ್ ಚೀಲ ಹೋದರೆ ಪೆನ್ನು ಹೋಯಿತೆಂದಲ್ಲ. ಚೀಲವನ್ನು ಕತ್ತಿಗೆ ಅಂಟಿಸುತ್ತಿದ್ದುದು ಅರಗಿನಿಂದ. ಹದವಾದ ಒಣಶಾಖಕ್ಕೆ ಅದು ಮೆದುವಾಗುತ್ತದೆ, ಹೊಸ ಚೀಲ ಕೂರಿಸಬಹುದು. ಆದರೆ ಎಬೊನೈಟ್ ಪೆನ್ನನ್ನು ನೀರಿನಲ್ಲಿ, ಅದರಲ್ಲೂ ಬಿಸಿನೀರಿನಲ್ಲಿ, ನೆನೆಹಾಕುವುದು ಸಲ್ಲದು. ಕಪ್ಪು ಮೈ ಕಂದುಗಟ್ಟಿದರೆ ಹಳೆಯ ಹೊಳಪು ತಾನಾಗಿ ಮರಳದು.