ಚತುಷ್ಪಥದ ಕ್ಷೇಮ

ನಾಲ್ಕು ದಾರಿಗಳು ಕೂಡುವ ಎಡೆಗೆ ಸಂಸ್ಕೃತದಲ್ಲಿ ಚತುಷ್ಪಥವೆಂದೂ ಶೃಂಗಾಟಕವೆಂದೂ ಹೆಸರುಗಳುಂಟು. ದಾರಿಯಲ್ಲಿ ಚತುಷ್ಪಥ ಎದುರಾದರೆ ಅದನ್ನು ಬಲಕ್ಕೆ ಇರಿಸಿಕೊಂಡು ಸಾಗಬೇಕೆಂದು ಮನುಸ್ಮೃತಿ ವಿಧಿಸುತ್ತದೆ. ಅಲ್ಲಿಯ ಉದ್ದೇಶ ಗೌರವವೇ ಹೊರತು ಅಪಘಾತದ ಭಯವಲ್ಲ. ಆ ಭಯ ಬಂದದ್ದು ವಾಹನಗಳು ದಟ್ಟೈಸಿದ ಮೇಲೆ.

ಲಂಡನ್ನಿನ ಪಾರ್ಲಿಮೆಂಟ್ ಭವನದ ಬಳಿ 1868ರ ಡಿಸೆಂಬರಿನಲ್ಲಿ ಅನಿಲದಿಂದ ಉರಿಯುವ ಕೆಂಪು ಹಸಿರು ದೀಪದ ಕಂಬವೊಂದನ್ನು ನಿಲ್ಲಿಸಿದರು. ಅದನ್ನು ಕಲ್ಪಿಸಿದವನು ಜೆ. ಪಿ. ನೈಟ್ ಎಂಬ ರೈಲ್ವೆ ಇಂಜಿನಿಯರು. ಮರುತಿಂಗಳೇ ಅದು ಸಿಡಿದು, ನಡೆಸುತ್ತಿದ್ದ ಪೋಲೀಸಿನವನೇ ಗಾಯಗೊಂಡನು. ವಿದ್ಯುದ್ದೀಪದ ಸಂಕೇತ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ನೆಲೆಗೊಂಡದ್ದು 1914ರಲ್ಲಿ.

ಅಷ್ಟರಲ್ಲಿ ಇನ್ನೊಂದು ಉಪಾಯವೂ ಹುಟ್ಟಿತ್ತು. 1905ರಲ್ಲಿ ನ್ಯೂಯಾರ್ಕಿನ ಕೊಲಂಬಸ್ ಸರ್ಕಲ್ಲಿನಲ್ಲಿಯೂ, 1907ರಲ್ಲಿ ಪ್ಯಾರಿಸಿನ ಎತ್ವಾಲ್ ಚೌಕದಲ್ಲಿಯೂ ಗಾಡಿಗಳೆಲ್ಲ ಒಂದೇ ದಿಕ್ಕಿಗೆ ಸುತ್ತಬೇಕೆಂದು ಗೊತ್ತುಮಾಡಿದರು. ಎಡಬದಿಯಲ್ಲಿ ಚಲಿಸುವ ನಮ್ಮಂಥ ದೇಶಗಳಲ್ಲಿ ಈ ಸುತ್ತು ಪ್ರದಕ್ಷಿಣೆಯೇ ಸರಿ. ಮೈಸೂರಿನ ಕೃಷ್ಣರಾಜ ವೃತ್ತವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಆದರೆ ವೃತ್ತವೊಂದೇ ಸಾಲದಾಯಿತು. ಇಂಗ್ಲೆಂಡಿನಲ್ಲಿ ಒಳಗಿರುವವನು ಮೊದಲೋ, ಒಳಹೊಗುವವನು ಮೊದಲೋ ಎಂಬುದು ಇತ್ಯರ್ಥವಾಗದೆ ವಾಹನಗಳು ಒಂದಕ್ಕೊಂದು ಹೆಣೆದು ನಿಂತುಬಿಡುತ್ತಿದ್ದವು. ಅಲ್ಲಿಯ ರಸ್ತೆ ಸಂಶೋಧನಾಲಯದ ಫ್ರಾಂಕ್ ಬ್ಲ್ಯಾಕ್‌ಮೋರ್ ಮೊದಲಾದವರ ಪ್ರಯತ್ನದಿಂದ 1966ರಲ್ಲಿ ನಿಯಮವಾಯಿತು: ಬರುವವನು ಕಾಯಬೇಕು, ಸುತ್ತಿನಲ್ಲಿರುವವನು ಸಾಗಬೇಕು. ಇಂದಿನ ವೃತ್ತಗಳ ಕ್ಷೇಮವೆಲ್ಲ ಈ ಒಂದು ಸಣ್ಣ ವಿಧಿಯ ಮೇಲೆ ನಿಂತಿದೆ.

ಕ್ಷೇಮವನ್ನು ಅಳೆಯುವುದೆಂತು? ಒಂದು ವಿಧಾನ ಶುದ್ಧ ಗಣಿತ. ಸಾಮಾನ್ಯ ನಾಲ್ಕುದಾರಿಯ ಕೂಟದಲ್ಲಿ ವಾಹನಗಳ ಜಾಡುಗಳು ತಾಗುವ ಬಿಂದುಗಳು 32. ಅವುಗಳಲ್ಲಿ ಅಡ್ಡ ಹಾಯುವಂಥವು 16. ಒಂದೇ ಸಾಲಿನ ವೃತ್ತದಲ್ಲಿ ಒಟ್ಟು ಬಿಂದುಗಳು 8 ಮಾತ್ರ. ಅಡ್ಡ ಹಾಯುವುದು ಒಂದೂ ಇಲ್ಲ. ಮೇಲಾಗಿ, ತಿರುವು ವೇಗವನ್ನು ತಾನೇ ತಗ್ಗಿಸುತ್ತದೆ. ಇನ್ನೊಂದು ವಿಧಾನ ಅವಲೋಕನ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಕಿನ್ಸ್ ಮತ್ತು ಹ್ಯಾರಿಸ್ ಎಂಬಿಬ್ಬರು ಚೌಕಗಳಲ್ಲಿ ನಿಂತು, ಥಟ್ಟನೆ ಹತ್ತಿದ ಬ್ರೇಕಿನ ದೀಪಗಳನ್ನೂ ಸರಕ್ಕನೆ ಪಕ್ಕಕ್ಕೆ ಹೊರಳಿದ ವಾಹನಗಳನ್ನೂ ಎಣಿಸಿದರು. ಕೂದಲೆಳೆಯಲ್ಲಿ ತಪ್ಪಿದ ಆಪತ್ತುಗಳ ಲೆಕ್ಕ ಅದು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಈ ಕ್ರಮವನ್ನು ಮತ್ತಷ್ಟು ಬೆಳೆಸಿದರು.

ನಮ್ಮ ಕೇಂದ್ರ ಸಾರಿಗೆ ಸಚಿವಾಲಯ 2015ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಅಪಾಯಸ್ಥಳಕ್ಕೆ ಒಂದು ಲಕ್ಷಣವನ್ನು ಹೇಳಿತು: ಸುಮಾರು 500 ಮೀಟರ್ ಹಾದಿಯಲ್ಲಿ ಮೂರು ವರ್ಷದೊಳಗೆ ಮರಣವೋ ತೀವ್ರ ಗಾಯವೋ ಆದ 5 ಅಪಘಾತಗಳು, ಇಲ್ಲವೇ 10 ಸಾವುಗಳು. ಇಂಥ ಗಣನೆ ಬೇಕು, ನಿಜ. ಆದರೆ ಅದು ಆರಂಭವಾಗುವುದೇ ಮನೆಗಳಲ್ಲಿ ಗೋಳು ಕೇಳಿದ ಮೇಲೆ. ತಪ್ಪಿದ ಆಪತ್ತುಗಳಾದರೋ ದಿನವೂ ನಮ್ಮ ಕಣ್ಣೆದುರಿಗೇ ಇವೆ. ಅವನ್ನು ಎಣಿಸಿ ದಾರಿಯನ್ನು ತಿದ್ದುವುದಕ್ಕೆ ಯಾರ ಪ್ರಾಣವನ್ನೂ ಬೆಲೆಯಾಗಿ ತೆರಬೇಕಿಲ್ಲ.