ಕುದಿಯುವ ನೀರಿನ ಮುತ್ತುಗಳು

ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿ ಕುಡಿಯುವುದೇ ಚಹವೆಂದು ನಾವು ತಿಳಿದಿರುವೆವಾದರೂ, ಅದರ ಜನ್ಮಭೂಮಿಯಾದ ಚೀನದಲ್ಲಿ ಈ ಕ್ರಮವು ಪ್ರಾಬಲ್ಯಕ್ಕೆ ಬಂದುದು ಬಹಳ ತಡವಾಗಿ. 8ನೆಯ ಶತಮಾನದಲ್ಲಿ ‘ಚಾ ಜಿಂಗ್’ ಎಂಬ ಗ್ರಂಥವನ್ನು ರಚಿಸಿದ ಲು ಯು ಕಂಡ ಚಹವು, ಹಬೆಯಲ್ಲಿ ಬೇಯಿಸಿ, ಕುಟ್ಟಿ, ಅಚ್ಚಿನಲ್ಲೊತ್ತಿ ಒಣಗಿಸಿದ ಬಿಲ್ಲೆ. ಅದನ್ನು ಕೆಂಡದ ಮೇಲೆ ಕಾಯಿಸಿ ಪುಡಿಮಾಡಬೇಕಾಗಿತ್ತು. ನೀರಿನ ಕುದಿಯನ್ನು ಆತನು ನೋಡಿದ ಬಗೆ ನನಗೆ ಅತ್ಯಂತ ಪ್ರಿಯವಾದುದು: ಮೀನಿನ ಕಣ್ಣುಗಳಂಥ ಗುಳ್ಳೆಗಳೆದ್ದಾಗ ಚಿಟಿಕೆ ಉಪ್ಪು; ಪಾತ್ರೆಯ ಅಂಚಿನಲ್ಲಿ ಅವು ಮುತ್ತಿನ ಸರದಂತೆ ಪೋಣಿಸಿಕೊಂಡಾಗ ಒಂದು ಸೌಟು ನೀರನ್ನು ತೆಗೆದಿರಿಸಿ, ಉಳಿದುದನ್ನು ಕಲಕಿ, ಸುಳಿಯ ನಡುವೆ ಚಹದ ಪುಡಿ; ಅಲೆಗಳೆದ್ದೊಡನೆ, ತೆಗೆದಿರಿಸಿದ ನೀರನ್ನೇ ಮರಳಿ ಸುರಿದು ಶಮನ. ಅದನ್ನೂ ಮೀರಿ ಕುದಿದುದು ಆತನಿಗೆ ಮುಪ್ಪಡಸಿದ ನೀರು. ಶುಂಠಿ, ಈರುಳ್ಳಿಗಳನ್ನು ಬೆರೆಸಿ ಕುದಿಸುವವರನ್ನು ಆತನು ಕ್ಷಮಿಸಲಿಲ್ಲ. ಶುಂಠಿಯ ಚಹಕ್ಕೆ ಒಲಿದ ನಮ್ಮ ನಾಲಗೆಗೆ ಇದು ಕಠೋರವೆನಿಸಿದರೂ, ಎಲೆಯ ಸಹಜರುಚಿಯನ್ನು ಕಾಪಾಡಲು ಹೊರಟವನ ಆಗ್ರಹವದು.

ಸಾಂಗ್ ವಂಶದ ಕಾಲಕ್ಕೆ ಪುಡಿಯನ್ನು ಬಟ್ಟಲಲ್ಲೇ ಹಾಕಿ, ನೊರೆಯೇಳುವಂತೆ ಕಡೆಯುವ ಪದ್ಧತಿ ಬಂದಿತು. ಬಿಲ್ಲೆಯ ತಯಾರಿಕೆಯು ಪ್ರಜೆಗಳನ್ನು ದಣಿಸುತ್ತದೆಂದು ಮಿಂಗ್ ವಂಶದ ಹೊಂಗ್‌ವು ಚಕ್ರವರ್ತಿಯು 1391ರಲ್ಲಿ ಅರಮನೆಗೆ ಬರುತ್ತಿದ್ದ ಬಿಲ್ಲೆಗಳ ಕಾಣಿಕೆಯನ್ನು ನಿಲ್ಲಿಸಿ, ಬಿಡಿ ಎಲೆಯನ್ನೇ ಒಪ್ಪಿಸಬೇಕೆಂದು ಆಜ್ಞಾಪಿಸಿದನು. ಬಿಡಿ ಎಲೆಯನ್ನು ನೆನೆಸಿ ಕುಡಿಯುವ ಬಳಕೆ ಹಬ್ಬಿದಂತೆ ಯಿಶಿಂಗ್‌ನ ಜೇಡಿಮಣ್ಣಿನ ಪುಟ್ಟ ಹೂಜಿಗಳು ಪ್ರಸಿದ್ಧವಾದವು. ಚೀನವು ಹೀಗೆ ಮರೆತ, ಪುಡಿಯನ್ನು ಕಡೆಯುವ ವಿಧಾನವನ್ನು ಜಪಾನಿನ ಝೆನ್ ಭಿಕ್ಷುಗಳು ಆ ಮೊದಲೇ ಸ್ವದೇಶಕ್ಕೆ ಒಯ್ದಿದ್ದರು. ಅಲ್ಲಿಯ ಚಹಗೋಷ್ಠಿಗಳಲ್ಲಿ ಹಸುರು ಪುಡಿಯು ಇಂದಿಗೂ ಬಿದಿರಿನ ಕಡೆಗೋಲಿನಡಿಯಲ್ಲಿ ನೊರೆಯಾಗುತ್ತಿದೆ.